ಕೋತಿ: ಒಡನಾಟ, ಸನ್ನೆ ಮತ್ತು ಕೈಯ ಒಲವು

ಕೋತಿ: ದಕ್ಷಿಣ ಭಾರತದಲ್ಲಿ ಮಾತ್ರ ನೆಲೆಸಿರುವ, ಊರಿಗೂ ಕಾಡಿಗೂ ಹೊಂದಿಕೊಂಡ ಮಂಗ. ವೈಜ್ಞಾನಿಕ ಹೆಸರು ಮಕಾಕ ರೇಡಿಯೇಟ. ನಡುನೆತ್ತಿಯ ಕೂದಲು ಸುತ್ತಲೂ ಹರಡಿ ಟೋಪಿ ಇಟ್ಟಂತೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಎನ್ನುತ್ತಾರೆ. ಕಂದು ಬೂದು ಮೈ, ಮೈಗಿಂತ ಉದ್ದದ ಬಾಲ, ಸಿಕ್ಕಿದ್ದನ್ನು ತುಂಬಿಟ್ಟುಕೊಳ್ಳಲು ದವಡೆಯಲ್ಲಿ ಚೀಲ, ಇವು ಗುರುತುಗಳು. ಕಪ್ಪು ಮುಖದ ಮುಸುವ ಬೇರೆ, ಪಶ್ಚಿಮ ಘಟ್ಟದ ಸಿಂಗಳೀಕ ಬೇರೆ.

ಕರ್ನಾಟಕದ ಗಡಿಯಾಚೆ, ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯೂ ಈ ಕೋತಿಯ ಸೀಮೆಗೆ ಸೇರಿದ್ದು. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕೂರ್ಮಶೈಲವೆಂಬ ಆಮೆಬೆನ್ನಿನ ಬಂಡೆಯ ಮೇಲೆ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರುಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಇಲ್ಲಿದೆ. ಅದರ ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಕನ್ನಡ ತೆಲುಗು ಎರಡೂ ಮನೆಮಾತು. ಮುಸುವ ತೆಲುಗಿನಲ್ಲಿ ಕೊಂಡಮುಚ್ಚು ಆಗುತ್ತದೆ. ಕೋತಿ ಮಾತ್ರ ಎರಡು ಭಾಷೆಯಲ್ಲೂ ಕೋತಿಯೇ. ಬಂಡೆ, ಹುಣಸೆ ಮರ, ಕಲ್ಲಿನ ಮಂಟಪ, ಕಾಯಿ ಬಾಳೆಹಣ್ಣು ತರುವ ಭಕ್ತರು: ಈ ಪ್ರಾಣಿಗೆ ಬೇಕಾದುದೆಲ್ಲ ಇಂಥ ಕಡೆ ಒಟ್ಟಿಗೆ ಸಿಗುತ್ತದೆ.

ಗುಂಪಿನ ಬಾಳು. ಕೋತಿಯ ಗುಂಪಿಗೆ ಹೆಣ್ಣುಗಳೇ ಆಧಾರ. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಬಾಳಿ ಮುಗಿಸುತ್ತದೆ. ಪ್ರಾಯಕ್ಕೆ ಬಂದ ಗಂಡು ಬೇರೆ ಗುಂಪು ಹುಡುಕಿಕೊಂಡು ಹೊರಡುತ್ತದೆ. ಮೇಲು ಕೀಳಿನ ಲೆಕ್ಕ ಇದ್ದರೂ ಇವು ಮಕಾಕ್ ಜಾತಿಗಳಲ್ಲಿ ಸೈರಣೆಯುಳ್ಳವು. ಒಂದಕ್ಕೊಂದು ಮೈತಾಗಿಸಿ ಮುದ್ದೆಯಂತೆ ಕೂರುವುದು ಇವುಗಳ ಹೆಗ್ಗುರುತು. ಬೆಳೆದ ಗಂಡುಗಳು ಕೂಡ ಪರಸ್ಪರ ಮೈ ನೋಡಿಕೊಳ್ಳುತ್ತವೆ. 1960ರ ದಶಕದ ಮೊದಲಲ್ಲಿ ಅಮೆರಿಕದ ಪಾಲ್ ಸೈಮಂಡ್ಸ್ ಮೈಸೂರು ಸೀಮೆಯಲ್ಲಿ ಈ ಕೋತಿಗಳ ಹಿಂದೆ ತಿರುಗಿ ಬರೆದಿಟ್ಟರು. ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದಲ್ಲಿ ಮುಸುವಗಳನ್ನೂ ಕೋತಿಗಳನ್ನೂ ಅಭ್ಯಾಸ ಮಾಡಿದರು. ಪ್ರಪಂಚದ ವಾನರಶಾಸ್ತ್ರಕ್ಕೆ ಕನ್ನಡನಾಡಿನ ಸಾಲುಮರಗಳು ಪಾಠಶಾಲೆಯಾದದ್ದು ಹೀಗೆ.

ನಾವು 'ಹೇನು ನೋಡುವುದು' ಎನ್ನುವ ಕೆಲಸಕ್ಕೆ ಹೇನು ಒಂದು ನೆಪ. ಬೆರಳಿನಿಂದ ಕೂದಲು ಬಿಡಿಸಿ ಉಣ್ಣಿ, ಒಣಚರ್ಮದ ಚೂರು ತೆಗೆಯುವಾಗಲೇ ಸ್ನೇಹ ಗಟ್ಟಿಯಾಗುತ್ತದೆ, ಜಗಳ ಆರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ 1998ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದರ ಒಂದು ಸೂಕ್ಷ್ಮವಿದೆ. ಎರಡು ಹೆಣ್ಣುಗಳು ಮೈ ನೋಡಿಕೊಳ್ಳುತ್ತಿರುವಾಗ ಅವೆರಡಕ್ಕಿಂತ ಮೇಲಿನ ಮೂರನೆಯದು ಬಂದರೆ, ಸಾಮಾನ್ಯವಾಗಿ ಎದ್ದು ಹೋಗುವುದು ಇಬ್ಬರಲ್ಲಿ ಕೆಳಗಿನದು. ಅಂದರೆ ತನ್ನ ಸ್ಥಾನದ ಜೊತೆಗೆ ಪಕ್ಕದವಳ ಸ್ಥಾನವೂ ಅದಕ್ಕೆ ತಿಳಿದಿರುತ್ತದೆ.

ಸನ್ನೆ. ಕೋತಿಯ ಮುಖವನ್ನು ಮನುಷ್ಯ ತಪ್ಪಾಗಿ ಓದುವುದೇ ಹೆಚ್ಚು. ತುಟಿಗಳನ್ನು ಪಟಪಟನೆ ಬಡಿದರೆ ಅದು ಸ್ನೇಹ. ಬಾಯಿ ತೆರೆದು, ಹುಬ್ಬೇರಿಸಿ, ನೆಟ್ಟ ನೋಟದಿಂದ ನೋಡಿದರೆ ಬೆದರಿಕೆ. ಹಲ್ಲು ಕಿಸಿದರೆ ಅದು ನಗುವಲ್ಲ; ಹೆದರಿದ್ದರ, ಶರಣಾದದ್ದರ ಗುರುತು. ಬೆನ್ನು ತಿರುಗಿಸಿ ಹಿಂಭಾಗ ತೋರುವುದು ಕೂಡುವುದಕ್ಕೆ ಮಾತ್ರವಲ್ಲ, ಮೇಲಿನವರಿಗೆ ತಗ್ಗಿ ನಡೆಯುವ ರೀತಿಯೂ ಹೌದು.

ಕೈ ಬಳಸುವ ಸನ್ನೆಗಳು ಇನ್ನೂ ಕುತೂಹಲದವು. ಶ್ರೀಜಾತಾ ಗುಪ್ತಾ ಮತ್ತು ಸಿನ್ಹಾ 2016ರಲ್ಲಿ ವಿವರಿಸಿದಂತೆ, ಮೈ ನೋಡಿಸಿಕೊಳ್ಳುತ್ತಿರುವ ಕೋತಿ ತನ್ನ ಮೈಯ ಒಂದು ಭಾಗವನ್ನು ಸಂಗಾತಿಯ ಮುಂದೆ ಒಡ್ಡಿ 'ಅಲ್ಲಲ್ಲ, ಇಲ್ಲಿ' ಎಂದು ಸೂಚಿಸುವಂತೆ ಕಾಣುತ್ತದೆ. ಒಂದು ಜಾಗವನ್ನು ಇನ್ನೊಬ್ಬರಿಗೆ ತೋರಿಸಿಕೊಡುವುದು ಮನುಷ್ಯ ಭಾಷೆಯ ಬೇರುಗಳಲ್ಲಿ ಒಂದಾದ್ದರಿಂದ ಈ ಚಿಕ್ಕ ಚಲನೆಗೆ ದೊಡ್ಡ ಬೆಲೆಯಿದೆ. 2018ರಲ್ಲಿ ಅದ್ವೈತ ದೇಶಪಾಂಡೆ ಇದೇ ಇಬ್ಬರ ಜೊತೆ ಬಂಡೀಪುರದ ಕೋತಿಗಳ ಬೇಡಿಕೆಯನ್ನು ಪರಿಶೀಲಿಸಿದರು. ತಿಂಡಿ ಹಿಡಿದ ಮನುಷ್ಯನ ಮುಂದೆ ಅವು ಕೈ ಚಾಚುತ್ತವೆ, 'ಕೂ' ಎಂದು ಮೆಲ್ಲಗೆ ದನಿ ಮಾಡುತ್ತವೆ. ಎದುರಿನವನ ಗಮನ ತಮ್ಮ ಕಡೆ ಇದೆಯೇ ಎಂಬುದಕ್ಕೆ ತಕ್ಕಂತೆ ಈ ವರ್ತನೆಯನ್ನು ಹೊಂದಿಸಿಕೊಳ್ಳುತ್ತವೆ. ಆದ್ದರಿಂದ ಇವನ್ನು ಉದ್ದೇಶಪೂರ್ವಕ ಸಂವಹನವೆಂದೇ ಎಣಿಸಲಾಗಿದೆ. ಕಾಡಿನ ಪ್ರಾಣಿಯೊಂದು ಮನುಷ್ಯನಿಗಾಗಿಯೇ ಬಳಸುವ ಸನ್ನೆ ಅದು. ಅದನ್ನು ಬೆಳೆಸಿದ್ದರಲ್ಲಿ ಕೊಡುವ ನಮ್ಮ ಕೈಯ ಪಾಲೂ ಇದೆ.

ಕೈಯ ಒಲವು. ಮನುಷ್ಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಲಗೈಯವರು. ಕೋತಿಗಳ ವಿಷಯದಲ್ಲಿ ಇಂಥ ಒಂದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಒಂದೊಂದು ಕೋತಿಗೂ ತನ್ನದೇ ಒಲವು ಇರಬಹುದು. ಆದರೆ ಇಡೀ ಜಾತಿ ಬಲಗೈಯದೋ ಎಡಗೈಯದೋ ಎಂಬುದು ಬೇರೆಯೇ ಪ್ರಶ್ನೆ. ಪೀಟರ್ ಮ್ಯಾಕ್‌ನೀಲೇಜ್ ಮತ್ತು ಸಂಗಡಿಗರು 1987ರಲ್ಲಿ ಒಂದು ಊಹೆ ಮುಂದಿಟ್ಟರು: ಮರದ ಮೇಲೆ ಬಾಳಿದ ಆದಿವಾನರಗಳು ಬಲಗೈಯಿಂದ ಕೊಂಬೆ ಹಿಡಿದು ಎಡಗೈಯಿಂದ ಆಹಾರಕ್ಕೆ ಚಾಚುತ್ತಿದ್ದವು, ನೆಲಕ್ಕಿಳಿದ ಮೇಲೆ ಬಲಗೈ ಬಿಡುವಾಗಿ ಬೇರೆ ಕೆಲಸಕ್ಕೆ ಒದಗಿತು. ಈ ಊಹೆ ನೂರಾರು ಪರೀಕ್ಷೆಗಳಿಗೆ ದಾರಿ ಮಾಡಿತು, ಎಲ್ಲ ಜಾತಿಗಳಿಗೂ ಒಪ್ಪಲಿಲ್ಲ.

ಪರೀಕ್ಷೆಯ ಬಗೆಯೂ ಮುಖ್ಯ. ನೆಲದ ಮೇಲೆ ಬಿದ್ದ ಕಡಲೆಕಾಯಿಯನ್ನು ಹತ್ತಿರದ ಕೈ ಎತ್ತಿಕೊಳ್ಳುತ್ತದೆ. ಅದರಿಂದ ಒಲವು ತಿಳಿಯುವುದು ಕಷ್ಟ. ಕೆಲಸ ತೊಡಕಾದಷ್ಟೂ ಒಲವು ಎದ್ದು ಕಾಣುತ್ತದೆ. ಮಧುರ್ ಮಂಗಳಂ, ನಿಸರ್ಗ ದೇಸಾಯಿ ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ನಮ್ಮ ಕೋತಿಗಳ ಮೇಲೆಯೇ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. ಅವರು ಕಂಡದ್ದು ಎರಡು ಕೈಗಳ ನಡುವಿನ ಕೆಲಸ ಹಂಚಿಕೆ: ಒಂದು ಕೈ ನಯವಾಗಿ ತಿರುಗಿಸುವ, ಬಿಡಿಸುವ ಕುಶಲ ಕೆಲಸಕ್ಕೆ, ಇನ್ನೊಂದು ಬಲ ಹಾಕಿ ಹಿಡಿಯಲು, ಆಸರೆ ಕೊಡಲು. ನಾವು ತೆಂಗಿನಕಾಯಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ನಾರು ಕೀಳುವಂತೆ. 'ಯಾವ ಕೈ ಮೇಲು' ಎಂಬುದಕ್ಕಿಂತ 'ಯಾವ ಕೈಗೆ ಯಾವ ಕೆಲಸ' ಎಂಬುದೇ ಸರಿಯಾದ ಪ್ರಶ್ನೆ ಎಂದು ಇದರಿಂದ ತಿಳಿಯುತ್ತದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂಬ ಗಾದೆ ಕೋತಿಯ ಕೈಗೆ ಅನ್ಯಾಯ ಮಾಡಿದೆ.

ಮನುಷ್ಯರ ಜೊತೆ. ದೇವಸ್ಥಾನ, ರಸ್ತೆಬದಿಯ ತಿಂಡಿ ಕೋತಿಯ ಸಮಾಜವನ್ನೇ ಬದಲಿಸುತ್ತದೆ. ಹಲವು ಗಂಡುಗಳಿರುವುದು ಈ ಜಾತಿಯ ವಾಡಿಕೆ. ಬಂಡೀಪುರ ಮುದುಮಲೈ ಹೆದ್ದಾರಿಯ ಅಂಚಿನಲ್ಲಾದರೋ ಒಂದೇ ಗಂಡಿನ ಚಿಕ್ಕ ಗುಂಪುಗಳನ್ನು ಸಿನ್ಹಾ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಬಾಲಿ ದ್ವೀಪದ ಉಲುವಾಟು ದೇವಾಲಯದಲ್ಲಿ ಇವುಗಳ ದಾಯಾದಿಗಳಾದ ಉದ್ದಬಾಲದ ಮಕಾಕ್‌ಗಳು ಕನ್ನಡಕ, ಚಪ್ಪಲಿ ಕಸಿದು, ತಿಂಡಿ ಕೊಟ್ಟ ಮೇಲೆಯೇ ಹಿಂದಿರುಗಿಸುವ ವ್ಯಾಪಾರ ಕಲಿತಿವೆ.

ಎಲ್ಲೆಲ್ಲೂ ಕಾಣುವುದರಿಂದ ಇವುಗಳ ಸಂಖ್ಯೆ ಹೆಚ್ಚುತ್ತಿದೆ ಎಂದು ಜನ ನಂಬಿದ್ದಾರೆ. ನಿಜ ಬೇರೆ. ರಸ್ತೆಬದಿಯ ಆಲದ ಸಾಲುಗಳು ಕಡಿದುಹೋಗಿವೆ, ಹಿಡಿದು ಸಾಗಿಸುವುದು ನಡೆದೇ ಇದೆ. ಹಿಂದೆ ಗೋದಾವರಿಯಾಚೆ ಇದ್ದ ಉತ್ತರದ ರೀಸಸ್ ಕೋತಿ ದಕ್ಷಿಣಕ್ಕೆ ಒತ್ತಿ ಬರುತ್ತಿದೆ. ಮೈಸೂರು ಸೀಮೆಯಲ್ಲಿ ಸುಮಾರು 25 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಕುಸಿದಿದೆ ಎಂದು 2017ರ ವರದಿಯೊಂದು ತಿಳಿಸಿತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಈಗ ಅಪಾಯದ ಅಂಚಿನ ಜೀವಿ.

ಲೇಪಾಕ್ಷಿಗೋ ಬೇರೆ ಯಾವ ಗುಡಿಗೋ ಹೋದವರು ತಿಂಡಿಯನ್ನು ಚೀಲದೊಳಗೇ ಇಡಿ. ಕೋತಿಯ ಕಣ್ಣನ್ನು ದಿಟ್ಟಿಸಬೇಡಿ, ಹಲ್ಲು ಬಿಟ್ಟು ನಗಬೇಡಿ, ಮರಿ ಹೊತ್ತ ತಾಯಿಯ ಹತ್ತಿರ ಹೋಗಬೇಡಿ. ಅದು ಕೈ ಚಾಚಿದರೆ ಎರಡು ಖಾಲಿ ಅಂಗೈ ತೋರಿಸಿ ಮುಂದೆ ನಡೆಯಿರಿ.