ಕಾಪುವಿನಿಂದ ಕಾಣುವ ಹಡಗು, ಕಾಣದ ಬೋಟು

ಕಾಪು ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಹಡಗಿನವರಿಗೆ ದಡ ಎಲ್ಲಿ, ಬಂಡೆ ಎಲ್ಲಿ ಎಂದು ತೋರಿಸುವುದು ಅದರ ಕೆಲಸ. ದೂರದಲ್ಲಿ ಹೋಗುತ್ತಿರುವ ಹಡಗು ಯಾವುದೆಂದು ಮಾತ್ರ ದಡದವರಿಗೆ ತಿಳಿಯುತ್ತಿರಲಿಲ್ಲ. ರಾತ್ರಿಯಾದರೆ ಒಂದು ದೀಪ, ಅಷ್ಟೇ.

ಮೊನ್ನೆ ನಾವು ಅದೇ ಬಂಡೆಯ ಬಳಿ ಕೂತು ಮೊಬೈಲ್ ತೆರೆದೆವು. ಪಣಂಬೂರು ಬಂದರಿಗೆ ಹೊರಟಿದ್ದ ತೈಲದ ಹಡಗಿನ ಹೆಸರು, ವೇಗ, ದಿಕ್ಕು ಎಲ್ಲವೂ ಬಂತು! ಇದು ಎಐಎಸ್ ಎಂಬ ಸಾಧನದ ಕೆಲಸ. ಹಡಗೇ ರೇಡಿಯೊದಲ್ಲಿ ತನ್ನ ವಿವರ ಸಾರುತ್ತಾ ಹೋಗುತ್ತದೆ. ಬೇರೆ ದೇಶಗಳಿಗೆ ಓಡಾಡುವ, 300 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ 2004ರ ಕೊನೆಯೊಳಗೆ ಇದು ಕಡ್ಡಾಯವಾಯಿತು. 2008ರ ಮುಂಬೈ ದಾಳಿಯ ಬಳಿಕ, ಈ ಸಂದೇಶ ಹಿಡಿಯುವ ಉಪಕರಣಗಳನ್ನು ನಮ್ಮ ಕರಾವಳಿಯ ಲೈಟ್‌ಹೌಸ್‌ಗಳಲ್ಲೂ ಕೂರಿಸಿದರು.

ಆದರೆ ಆ ನಿಯಮ ದೊಡ್ಡ ಹಡಗುಗಳದ್ದು. ಮೀನಿನ ಬೋಟುಗಳು ಅದರ ಲೆಕ್ಕಕ್ಕೆ ಬರಲಿಲ್ಲ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ನಿಮಗೆ ನೆನಪಿರಬಹುದು. ಅದರಲ್ಲಿ ಏಳು ಮೀನುಗಾರರಿದ್ದರು. ಎರಡೇ ದಿನಕ್ಕೆ ಸಂಪರ್ಕ ತಪ್ಪಿತು. ಮನೆಯವರು ದಡದಲ್ಲಿ ತಿಂಗಳುಗಟ್ಟಲೆ ಕಾದರು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಜನ ಮರಳಿ ಬರಲಿಲ್ಲ.