ಹಾಡು ಕೇಳೋಕೆ ಕೂರೋದೆಲ್ಲಿ?

ಈಗ ಹಾಡು ಕೇಳೋದಕ್ಕೆ ಯಾರೂ ಮನೆ ಬಿಟ್ಟು ಹೋಗಬೇಕಾಗಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಸಾಕು, ಜಗತ್ತಿನ ಸಂಗೀತವೆಲ್ಲ ಜೇಬಿನಲ್ಲೇ ಇದೆ. ಒಬ್ಬನೇ ಗಾಯಕನನ್ನ ಮೆಚ್ಚುವ ಸಾವಿರ ಜನ ವಾಟ್ಸಾಪ್ ಗ್ರೂಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಗಲೂ ರಾತ್ರಿ ಜೊತೆಗಿರ್ತಾರೆ. ಇಷ್ಟಿದ್ದರೂ ಒಂದಲ್ಲ ಒಂದು ದಿನ ಅಲ್ಲಿ ಯಾರೋ ಒಬ್ಬರು ಕೇಳೇ ಕೇಳ್ತಾರೆ: ‘ಎಲ್ಲರೂ ಒಂದ್ಸಲ ಸೇರೋಣ್ವಾ? ಒಂದು ರಾತ್ರಿ ಕೂತು ಹಾಡೋಣ್ವಾ?’

ವೀಕ್ಷಕರೇ, ಈ ಆಸೆ ಇಂಟರ್ನೆಟ್ ಹುಟ್ಟಿಸಿದ್ದು ಅಂದುಕೊಳ್ಳಬೇಡಿ. ತುಂಗಭದ್ರೆಯ ದಡದಲ್ಲಿ ಇದಕ್ಕೆ ಐನೂರು ವರ್ಷದ ಇತಿಹಾಸ ಇದೆ. ಆ ಇತಿಹಾಸದ ತೀರಾ ಈಚಿನ ಅಧ್ಯಾಯ ನಡೆದದ್ದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಒಂದು ಪುಟ್ಟ ಊರಿನಲ್ಲಿ. ಹೆಸರು ವಿರೂಪಾಪುರಗಡ್ಡೆ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡ.

ಮೊದಲು ಹಳೆಯ ಕಥೆ. ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದದ್ದು 13ನೇ ಶತಮಾನದಲ್ಲಿ, ದೂರದ ದೇವಗಿರಿಯಲ್ಲಿ. ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ಬದುಕಿದ್ದು 15ನೇ ಶತಮಾನದ ವಿಜಯನಗರದಲ್ಲಿ. ಅವನ ಮಗಳ ಮಗ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ಅಂದರೆ ಒಬ್ಬರ ಮುಖ ಒಬ್ಬರು ನೋಡದವರು ಸಂಗೀತದ ಮೂಲಕ ಇನ್ನೂರು ಮುನ್ನೂರು ವರ್ಷ ಮಾತಾಡಿಕೊಂಡರು. ಓಲೆಗರಿಯೇ ಅವರ ನೆಟ್‌ವರ್ಕ್.

ಅದು ಪಂಡಿತರ ಮಾತಾಯ್ತು. ಜನರ ಮಾತು ಬೇರೆ. ದಾಸರ ಪದಗಳು ಬಾಯಿಂದ ಬಾಯಿಗೆ ಊರೂರು ಸುತ್ತಿದವು. ರಾಯಚೂರಿನ ಒಬ್ಬ, ಉಡುಪಿಯ ಒಬ್ಬ, ತಂಜಾವೂರಿನ ಒಬ್ಬ, ಮೂವರಿಗೂ ಪುರಂದರದಾಸರ ಪದ ಗೊತ್ತು. ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಅಂಥವರು ಒಂದೆಡೆ ಸೇರೋಕೆ ನಮ್ಮ ಹಿರಿಯರು ಮಾಡಿಕೊಂಡ ಉಪಾಯವೇ ಆರಾಧನೆ. ಪುಷ್ಯ ಅಮಾವಾಸ್ಯೆ ಬಂತು ಅಂದರೆ ಹಂಪಿಯಲ್ಲಿ ದಾಸರ ಪದಗಳು ಕೇಳ್ತವೆ. ಅಲ್ಲಿಂದ ನದಿ ದಾಟಿದರೆ ಆನೆಗೊಂದಿ. ಅದರ ಪಕ್ಕದ ನಡುಗಡ್ಡೆಯಲ್ಲಿ ದಾಸರ ಗುರು ವ್ಯಾಸರಾಯರ ಬೃಂದಾವನ. ಅಲ್ಲೂ ಆರಾಧನೆ, ಅಲ್ಲೂ ಹಾಡು, ಅಲ್ಲೂ ಎಲೆ ಹಾಕಿ ಊಟ.

ಇದೇ ಸೀಮೆಯ ಹಳ್ಳಿಗಳ ಅಹೋರಾತ್ರಿ ಭಜನೆಯನ್ನ ನೋಡಿ. ಒಂದು ಹಾರ್ಮೋನಿಯಂ, ಒಂದು ತಬಲಾ, ನಾಲ್ಕು ಜೊತೆ ತಾಳ. ಪಕ್ಕದೂರಿನ ಭಜನಾ ಮೇಳ ಬರ್ತದೆ. ಬಂದವರ ಹೆಸರು ಗೊತ್ತಿರಬೇಕಾಗಿಲ್ಲ, ತತ್ವಪದ ಗೊತ್ತಿದ್ದರೆ ಸಾಕು. ಚಹಾ, ಊಟ, ಮಲಗೋಕೆ ಜಾಗ, ಬೆಳಗ್ಗೆ ಬಸ್ಸು ಹತ್ತಿಸೋದು, ಎಲ್ಲಾ ಊರಿನವರ ಜವಾಬ್ದಾರಿ. ಈ ‘ಜವಾಬ್ದಾರಿ’ ಅನ್ನೋ ಪದವನ್ನ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗ್ತದೆ.

ಆಮೇಲೆ ರೇಡಿಯೊ ಬಂತು. ಧಾರವಾಡ ಆಕಾಶವಾಣಿ 1950ರಲ್ಲಿ, ವಿವಿಧ ಭಾರತಿ 1957ರಲ್ಲಿ. ರೇಡಿಯೊ ಸಿಲೋನ್‌ನ ಬಿನಾಕಾ ಗೀತಮಾಲಾ 1952ರಿಂದಲೇ ಮನೆಮಾತು. ಅಂಚೆ ಕಾರ್ಡಿನಲ್ಲಿ ಕೋರಿಕೆ ಬರೆದು ರೇಡಿಯೊದಲ್ಲಿ ತಮ್ಮ ಹೆಸರು ಬರೋದನ್ನ ಕಾಯುತ್ತಿದ್ದ ಪೀಳಿಗೆ ಇನ್ನೂ ನಮ್ಮ ನಡುವೆ ಇದೆ. ಕೇಳುಗರು ಸಂಘ ಕಟ್ಟಿಕೊಂಡರು. ಬಿನಾಕಾದಲ್ಲಿ ಹಾಡುಗಳಿಗೆ ಸ್ಥಾನ ಕೊಡುವಾಗ ಆ ಸಂಘಗಳ ಅಭಿಪ್ರಾಯಕ್ಕೂ ಲೆಕ್ಕ ಇತ್ತು. ಇವತ್ತಿನ ಫ್ಯಾನ್ ಗ್ರೂಪಿಗೂ ಅದಕ್ಕೂ ಏನು ವ್ಯತ್ಯಾಸ? ಕಾರ್ಡಿನ ಬದಲು ಕಮೆಂಟು, ಅಷ್ಟೇ.

ಈಗ ಗಡ್ಡೆಗೆ ಬರೋಣ. 1970ರ ದಶಕದಲ್ಲಿ ಯುರೋಪಿನ ಹುಡುಗ ಹುಡುಗಿಯರು ಬಸ್ಸು ಹತ್ತಿ, ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದರು. ಹಿಪ್ಪಿಗಳು ಅಂತ ನಾವು ಕರೆದದ್ದು ಅವರನ್ನೇ. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದೂ ಆ ರಸ್ತೆಯನ್ನ ಮುಚ್ಚಿಬಿಟ್ಟವು. ಆದರೆ ಗೋವಾದ ಅಂಜುನಾದಲ್ಲಿ ಅವರು ಹಚ್ಚಿದ ಸಂಗೀತ ನಿಲ್ಲಲಿಲ್ಲ. ಅಲ್ಲಿಂದಲೇ ‘ಗೋವಾ ಟ್ರಾನ್ಸ್’ ಅನ್ನೋ ಸಂಗೀತ ಹುಟ್ಟಿತು. ಅದರ ಟೇಪುಗಳು ಕೈಯಿಂದ ಕೈಗೆ ದಾಟಿ ದೇಶ ದೇಶ ಸುತ್ತಿದವು.

ಗೋವಾ, ಗೋಕರ್ಣ ಸುತ್ತಿದವರು ಹಂಪಿಗೂ ಬಂದರು. ಹಂಪಿಯಿಂದ ದೋಣಿಯಲ್ಲಿ ಆಚೆ ದಡಕ್ಕೆ ಹೋದರು. ಭತ್ತದ ಗದ್ದೆ, ಬಂಡೆಗಲ್ಲಿನ ಬೆಟ್ಟ, ಹರಿಯೋ ನದಿ. ಕೃಷಿ ಜಮೀನಿನಲ್ಲಿ ಗೆಸ್ಟ್‌ಹೌಸ್‌ಗಳು ಎದ್ದವು. ನೆಲದ ಮೇಲೆ ಗಾದಿ, ಗಿಡ್ಡ ಮೇಜು, ಮೂಲೆಯಲ್ಲಿ ಒಂದು ಗಿಟಾರು. ಸಂಜೆ ದೋಣಿ ನಿಂತರೆ ಈ ದಡದವರು ಈ ದಡಕ್ಕೇ. ಆಮೇಲೆ ಉಳಿದದ್ದು ಹಾಡು. ಇಂಟರ್ನೆಟ್ ಬಂದ ಮೇಲಂತೂ ಎಲ್ಲೆಲ್ಲೋ ಪರಿಚಯವಾದವರು ದಿನ ಗೊತ್ತುಮಾಡಿಕೊಂಡು ಇಲ್ಲಿ ಸೇರೋದು ಇನ್ನೂ ಸುಲಭವಾಯ್ತು. ಗಾಂಜಾದ ದೂರುಗಳಿದ್ದವು, ನಿಜ. ಗದ್ದಲದ ದೂರೂ ಇತ್ತು. ಆದರೆ ಬಂದವರೆಲ್ಲ ಅದಕ್ಕೇ ಬಂದರು ಅನ್ನೋದು ಸುಳ್ಳು.

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯ್ತು. 1988ರ ಅಧಿಸೂಚನೆಯ ಪ್ರಕಾರ ಗಡ್ಡೆಯೂ ಸಂರಕ್ಷಿತ ಪ್ರದೇಶ. 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದ ಪಟ್ಟಿಗೆ ಸೇರಿಸಿತು. 2006ರಲ್ಲಿ ಹೊರಗೆ ತೆಗೆಯಿತು. ಅನುಮತಿ ಇಲ್ಲದೆ ಕಟ್ಟಿದ ಕಟ್ಟಡಗಳು ಅಕ್ರಮ ಅಂತ 2015ರಲ್ಲಿ ಹೈಕೋರ್ಟ್ ಹೇಳಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಗೆ ದೇಶಕ್ಕೆ ದೇಶವೇ ಲಾಕ್‌ಡೌನ್. ಕೂಡೋ ಜಾಗವೂ ಹೋಯ್ತು, ಕೂಡೋದೂ ನಿಂತುಹೋಯ್ತು.

ತೀರ್ಪು ತಪ್ಪು ಅಂತ ನಾನು ಹೇಳ್ತಿಲ್ಲ. ಪರಂಪರೆಯ ನೆಲದಲ್ಲಿ ಕಾಂಕ್ರೀಟು ಬೇಡ, ಸರಿ. ನದಿಯೇ ಆ ಮಾತನ್ನ ಮೊದಲು ಹೇಳಿತ್ತು. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡೆಯಲ್ಲಿ ಸಿಕ್ಕಿಕೊಂಡ ನೂರಾರು ಪ್ರವಾಸಿಗರನ್ನ ದೋಣಿ, ಹೆಲಿಕಾಪ್ಟರ್ ತಂದು ಕಾಪಾಡಬೇಕಾಯ್ತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಪುರಂದರದಾಸರ ಮಂಟಪ ಮುಳುಗ್ತದೆ. ನೀರು ಇಳಿದ ಮೇಲೆ ಮತ್ತೆ ಅದೇ ಮಂಟಪ, ಅದೇ ಹಾಡು.

ನನ್ನ ಪ್ರಶ್ನೆ ಬೇರೆ. ಕಟ್ಟಡ ಕೆಡವಿದಿರಿ. ಜನ ಎಲ್ಲಿಗೆ ಹೋದರು? ಅಡುಗೆ ಮಾಡುತ್ತಿದ್ದವರು, ದೋಣಿ ಹಾಕುತ್ತಿದ್ದವರು, ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದವರು ಎಲ್ಲಿಗೆ ಹೋದರು? ಹಾಡು ಕೇಳೋಕೆ ಬರುತ್ತಿದ್ದವರೇನೂ ಬರೋದು ಬಿಡಲಿಲ್ಲ. ಅಕ್ಕಪಕ್ಕದ ಹಳ್ಳಿಗಳ ಹೋಂಸ್ಟೇಗಳಿಗೆ, ಕೆರೆ ದಂಡೆಗೆ, ಕಾಲುವೆ ದಂಡೆಗೆ ಚದುರಿದರು.

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ದೇಶ ವಿದೇಶದ ಐದು ಜನ ನಕ್ಷತ್ರ ನೋಡುತ್ತಾ, ಸಂಗೀತ ಕೇಳುತ್ತಾ ಕೂತಿದ್ದರು. ಬೈಕಿನಲ್ಲಿ ಬಂದವರು ಹಣ ಕೇಳಿದರು, ಜಗಳ ತೆಗೆದರು, ಮೂವರು ಗಂಡಸರನ್ನ ಕಾಲುವೆಗೆ ತಳ್ಳಿದರು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ಬಿದ್ದವರಲ್ಲಿ ಒಬ್ಬ ಯುವಕ ಹೆಣವಾಗಿ ಸಿಕ್ಕ. ಮರುದಿನ ಕೆಲವರು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದರು?’

ಯಾಕೆ ಹೋಗಬಾರದು ಸ್ವಾಮಿ? ಐನೂರು ವರ್ಷದಿಂದ ಈ ನದಿಯ ದಂಡೆಯಲ್ಲಿ ಜನ ಹಾಡಿಗಾಗಿ ಸೇರಿದ್ದಾರೆ. ಅಹೋರಾತ್ರಿ ಭಜನೆಗೆ ಬಂದವನನ್ನ ‘ರಾತ್ರಿ ಯಾಕೆ ಬಂದೆ’ ಅಂತ ಯಾವ ಊರೂ ಕೇಳಲಿಲ್ಲ. ಯಾಕಂದರೆ ಆ ರಾತ್ರಿಗೆ ಒಬ್ಬ ಯಜಮಾನ ಇದ್ದ. ಬಂದವರ ಊಟ, ನಿದ್ದೆ, ಮಾನ, ಪ್ರಾಣ ಎಲ್ಲಾ ಊರಿನ ಜವಾಬ್ದಾರಿ. ಆಗ ನೆನಪಿಟ್ಟುಕೊಳ್ಳಿ ಅಂದಿದ್ದು ಇದನ್ನೇ. ಗಡ್ಡೆಯ ಗೆಸ್ಟ್‌ಹೌಸಿನವರು ಆ ಯಜಮಾನಿಕೆಯನ್ನ ಕಾನೂನಿನ ಬಲ ಇಲ್ಲದೆ ಹೊತ್ತಿದ್ದರು. ಅದನ್ನ ತೆಗೆದ ಸರ್ಕಾರ ತಾನು ಹೊತ್ತುಕೊಂಡಿತಾ? ಇಲ್ಲ.

ಹಂಪಿ ಉತ್ಸವ ಇದೆಯಲ್ಲ, ಆನೆಗೊಂದಿ ಉತ್ಸವ ಇದೆಯಲ್ಲ ಅಂತೀರಿ. ಇವೆ. ದೊಡ್ಡ ವೇದಿಕೆ, ಮುಂದಿನ ಸಾಲಿನಲ್ಲಿ ವಿಐಪಿ ಸೋಫಾ, ಬ್ಯಾರಿಕೇಡಿನ ಆಚೆ ಜನ. ನೋಡೋಕೆ ಚೆಂದ. ಆದರೆ ಸುತ್ತ ಕೂತು ಹಾಡೋ ಇಪ್ಪತ್ತು ಜನಕ್ಕೆ ಅಲ್ಲಿ ಜಾಗ ಇಲ್ಲ. ಅವರಿಗೆ ಬೇಕಾದದ್ದು ತೀರಾ ಕಡಿಮೆ: ಸ್ಮಾರಕಗಳಿಂದ ದೂರ ಒಂದು ಬಯಲು, ದೀಪ, ಕುಡಿಯೋ ನೀರು, ಶೌಚಾಲಯ, ಕರೆದರೆ ಬರೋ ಪೊಲೀಸ್ ಗಸ್ತು, ಸ್ಥಳೀಯರು ನಡೆಸೋ ಊಟದ ಮನೆ, ಲೈಸೆನ್ಸ್ ಇರೋ ಹೋಂಸ್ಟೇ. ಕಾಂಕ್ರೀಟು ಬೇಡ, ಜೆಸಿಬಿಯೂ ಬೇಡ.

ಫೋನಿನಲ್ಲಿ ಪರಿಚಯವಾದ ಹತ್ತು ಮಂದಿ ನಾಳೆ ಮತ್ತೆ ತುಂಗಭದ್ರೆಯ ದಂಡೆಗೆ ಹಾಡೋಕೆ ಬರ್ತಾರೆ. ಅವರನ್ನ ತಡೆಯೋಕೆ ಆಗಲ್ಲ, ತಡೆಯಲೂಬಾರದು. ಅವರು ಹಾಡಿ ಮುಗಿಸಿ, ಬೆಳಗ್ಗೆ ಸುರಕ್ಷಿತವಾಗಿ ಬಸ್ಸು ಹತ್ತೋ ಹಾಗೆ ನೋಡಿಕೊಳ್ಳೋದು ಯಾರ ಕೆಲಸ? ಕೊಪ್ಪಳದಲ್ಲೂ ಬೆಂಗಳೂರಿನಲ್ಲೂ ಕುರ್ಚಿಯಲ್ಲಿ ಕೂತವರು ಇದಕ್ಕೆ ಉತ್ತರ ಕೊಡಬೇಕು.