ಪಾರ್ಥೆನಾನ್: ಮೂರು ಧರ್ಮಗಳನ್ನು ಕಂಡ ಗ್ರೀಕ್ ದೇಗುಲ

ಗ್ರೀಸ್ ರಾಜಧಾನಿ ಅಥೆನ್ಸ್‌ನ ಅಕ್ರೊಪೊಲಿಸ್ ಬೆಟ್ಟದ ಮೇಲಿರುವ ಪಾರ್ಥೆನಾನ್, ಅಥೇನಾ ದೇವತೆಯ ದೇವಾಲಯ. ಪೆರಿಕ್ಲಿಸ್ ಕಾಲದಲ್ಲಿ, ಕ್ರಿ.ಪೂ. 447ರಲ್ಲಿ ಇದರ ನಿರ್ಮಾಣ ಶುರುವಾಯಿತು. ಡೋರಿಕ್ ಶೈಲಿಯ ಈ ಅಮೃತಶಿಲೆ ಕಟ್ಟಡದ ಸುತ್ತ 46 ಕಂಬಗಳು. ಎಲ್ಲವೂ ನೇರ ಎನಿಸಿದರೂ ನೆಲಗಟ್ಟು ನಡುವೆ ತುಸು ಉಬ್ಬಿದೆ, ಕಂಬಗಳು ಒಳಕ್ಕೆ ವಾಲಿವೆ. ಒಳಗೆ ಶಿಲ್ಪಿ ಫಿಡಿಯಾಸ್‌ನ ಚಿನ್ನ, ದಂತದ ಅಥೇನಾ ವಿಗ್ರಹವಿತ್ತು. ಆದರೆ ಉತ್ಸವದಲ್ಲಿ ಹೊಸ ವಸ್ತ್ರ ಸಲ್ಲುತ್ತಿದ್ದುದು ಇದಕ್ಕಲ್ಲ, ಅದೇ ಬೆಟ್ಟದ ಹಳೆಯ ಮರದ ಮೂರ್ತಿಗೆ!

ಮುಂದೆ ಇದು ಮೇರಿ ಮಾತೆಯ ಚರ್ಚ್ ಆಯಿತು, ಒಟ್ಟೋಮನ್ನರ ಕಾಲದಲ್ಲಿ ಮಸೀದಿಯಾಯಿತು. ಪೂಜೆ ಬದಲಾದರೂ ಕಟ್ಟಡ ಬಹುಮಟ್ಟಿಗೆ ನಿಂತೇ ಇತ್ತು. ಅದನ್ನು ಕೆಡವಿದ್ದು ಯುದ್ಧ. 1687ರಲ್ಲಿ ಒಟ್ಟೋಮನ್ನರು ಒಳಗಿಟ್ಟಿದ್ದ ಸಿಡಿಮದ್ದಿನ ದಾಸ್ತಾನಿಗೆ ವೆನಿಸ್ ಸೇನೆಯ ಗುಂಡು ಬಿದ್ದು ನಡುಭಾಗ ಸ್ಫೋಟಗೊಂಡಿತು. 19ನೇ ಶತಮಾನದ ಆರಂಭದಲ್ಲಿ ಲಾರ್ಡ್ ಎಲ್ಗಿನ್ ಸಾಗಿಸಿದ ಶಿಲ್ಪಗಳು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವನ್ನು ಮರಳಿಸುವಂತೆ ಗ್ರೀಸ್ ಕೇಳುತ್ತಲೇ ಬಂದಿದೆ.